ಬೆಂಚಿನ ಮೇಲಿನ ಗಳಿಕೆ

ಹೋದ ತಿಂಗಳ ಒಂದು ಸಂಜೆ, ಮಳೆ ಬಿಟ್ಟ ಮೇಲೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಿಂತಿದ್ದ ನೀರನ್ನು ಗೋಣಿಚೀಲದಿಂದ ಒರೆಸುತ್ತಿದ್ದಾಗ, ಇನ್ನೊಂದು ತುದಿಯಿಂದ ಒರೆಸುತ್ತ ಬಂದ ಎಂಟನೇ ತರಗತಿಯ ಹುಡುಗನೊಬ್ಬ ತಲೆಯೆತ್ತದೆ ಕೇಳಿದ: "ಸರ್, ಸ್ಟೀವ್ ಕೆರ್ ಹತ್ರ ಒಟ್ಟು ಎಷ್ಟು ಆಸ್ತಿ ಇರಬಹುದು?" ತುಮಕೂರಿನ ಬಿ.ಎಚ್. ರಸ್ತೆಯಿಂದ ತುಸು ಒಳಗಿರುವ ಈ ಸಿಮೆಂಟ್ ಕೋರ್ಟಿಗೆ ಬರುವ ಮಕ್ಕಳು ಸಾಮಾನ್ಯವಾಗಿ ಸ್ಟೀಫನ್ ಕರಿ ಎಷ್ಟು ದೂರದಿಂದ ಚೆಂಡು ಹಾಕುತ್ತಾರೆ, ಲೆಬ್ರಾನ್ ಜೇಮ್ಸ್ ಎಷ್ಟು ಎತ್ತರ ಜಿಗಿಯುತ್ತಾರೆ ಎಂದು ಕೇಳುತ್ತಾರೆ. ಕೆರ್ ಅವರಂಥ ಅಮೆರಿಕದ ಕೋಚ್ ಒಬ್ಬರ ಬಗ್ಗೆ, ಅದೂ ಅವರ ಹಣದ ಬಗ್ಗೆ, ಯಾರಾದರೂ ಕೇಳಿದ್ದು ಇದೇ ಮೊದಲು. ಅಮ್ಮನ ಮೊಬೈಲಿನಲ್ಲಿ ಹುಡುಕಿದಾಗ ಒಂದೊಂದು ಕಡೆ ಒಂದೊಂದು ಅಂಕಿ ಬಂತೆಂದೂ, ಯಾವುದು ಸರಿ ಎಂದು ತಿಳಿಯಲಿಲ್ಲವೆಂದೂ ಅವನೇ ಹೇಳಿದ.

ಆಟಗಾರರ ಸಂಬಳ ಎಷ್ಟೆಂಬುದು ಅಮೆರಿಕದಲ್ಲಿ ಬಹುಮಟ್ಟಿಗೆ ಪತ್ರಿಕೆಗಳಲ್ಲೇ ಬರುತ್ತದೆ, ಕೋಚ್‌ಗಳ ಒಪ್ಪಂದದ ಮೊತ್ತವೂ ವರದಿಯಾಗುತ್ತದೆ, ಆದರೆ ಒಬ್ಬ ಮನುಷ್ಯನ ಒಟ್ಟು ಆಸ್ತಿ ಅವನಿಗೂ ಅವನ ಲೆಕ್ಕಪತ್ರ ನೋಡುವವರಿಗೂ ಬಿಟ್ಟರೆ ಹೊರಗಿನವರಿಗೆ ತಿಳಿಯುವ ಸಂಗತಿಯಲ್ಲ ಎಂದು ಅವನಿಗೆ ಹೇಳಿದೆ. ತೆರಿಗೆಗೆ ಎಷ್ಟು ಹೋಯಿತು, ಮನೆಯ ಮೇಲೆ ಎಷ್ಟು ಸಾಲವಿದೆ, ಯಾವ ಹೂಡಿಕೆ ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಅರಿಯದೆ, ಬಂದ ಸಂಬಳಗಳನ್ನಷ್ಟೇ ಕೂಡಿ ಬರೆದ ಮೊತ್ತವನ್ನು ಆಸ್ತಿ ಎಂದು ಕರೆಯಲು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದ ನನ್ನ ಮನಸ್ಸು ಒಪ್ಪುವುದಿಲ್ಲ. ಹುಡುಗ ತಲೆಯಾಡಿಸಿ ಚೆಂಡು ತರಲು ಹೋದ. ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂತು. ಕೇಳಿದವನು ನಮ್ಮ ತಂಡದ ಮೊದಲ ಐವರಲ್ಲಿ ಒಬ್ಬನಲ್ಲ, ಪಂದ್ಯದ ಬಹುಪಾಲು ಹೊತ್ತು ಬೆಂಚಿನ ಮೇಲೆ ಕೂರುವವನು ಎಂಬುದು ಅದಕ್ಕೆ ಒಂದು ಕಾರಣವಾಗಿದ್ದರೆ, ಅವನು ಆರಿಸಿಕೊಂಡ ಮನುಷ್ಯ ಕೂಡ ಹಾಗೆ ಕೂತೇ ದೊಡ್ಡವರಾದವರು ಎಂಬುದು ಇನ್ನೊಂದು ಕಾರಣ.

ನಮ್ಮ ಕಾಲದಲ್ಲಿ ಬ್ಯಾಸ್ಕೆಟ್‌ಬಾಲ್‌ನಿಂದ ಬರಬಹುದಾದ ಅತಿ ದೊಡ್ಡ ಆಸ್ತಿಯೆಂದರೆ ಒಂದು ನೌಕರಿ. ವಿಜಯಾ ಬ್ಯಾಂಕಿನಂಥ ತಂಡಗಳ ಹೆಸರು ಕೇಳಿದರೆ ನಮಗೆಲ್ಲ ಮೈ ನವಿರೇಳುತ್ತಿತ್ತು, ಏಕೆಂದರೆ ಆ ಜೆರ್ಸಿಯ ಹಿಂದೆ ತಿಂಗಳ ಸಂಬಳ, ಭವಿಷ್ಯ ನಿಧಿ ಎರಡೂ ಇದ್ದವು. 1986ರಲ್ಲಿ ಕ್ರೀಡಾ ಕೋಟಾದಡಿ ನನಗೂ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸಾವಿರದ ಚಿಲ್ಲರೆ ರೂಪಾಯಿಯ ಮೊದಲ ಸಂಬಳವನ್ನು ಲಕೋಟೆಯಲ್ಲಿ ತಂದು ಅಪ್ಪನ ಕೈಗಿಟ್ಟಾಗ, ಚೆಂಡು ಬಡಿದು ಊಟ ಸಂಪಾದಿಸಬಹುದೆಂದು ನಂಬದಿದ್ದ ಅವರು ಆ ಲಕೋಟೆಯನ್ನು ದೇವರ ಗೂಡಿನಲ್ಲಿ ಎರಡು ದಿನ ಇಟ್ಟಿದ್ದರು. ಕತ್ತಲಲ್ಲೇ ಎದ್ದು ತುಮಕೂರಿನಿಂದ ರೈಲು ಹಿಡಿದು, ಬೆಳಿಗ್ಗೆ ಕೌಂಟರಿನಲ್ಲಿ ಕೂತು, ಮಧ್ಯಾಹ್ನದ ಮೇಲೆ ಅಭ್ಯಾಸ ಮಾಡಿ, ರಾತ್ರಿ ಮತ್ತೆ ಎಪ್ಪತ್ತು ಕಿಲೋಮೀಟರ್ ಹಿಂದಿರುಗುತ್ತಿದ್ದ ಆ ಹನ್ನೆರಡು ವರ್ಷಗಳು ಮಂಡಿಯ ನೋವಿನಲ್ಲಿ ಮುಗಿದವು. ಆದರೆ ಆಟ ನಿಂತ ಮೇಲೂ ಸಂಬಳ ನಿಲ್ಲಲಿಲ್ಲ. ಭಾರತದಲ್ಲಿ ನಮ್ಮ ಪೀಳಿಗೆಯ ಆಟಗಾರನಿಗೆ ಸಿಕ್ಕ ದೊಡ್ಡ ಭದ್ರತೆ ಅದೇ. ಅಮೆರಿಕದ ಕೋಟ್ಯಧೀಶ ಆಟಗಾರರಿಗೂ ಅದು ಇರಲಿಲ್ಲ ಎಂಬುದನ್ನು ನಾನು ಬಹಳ ತಡವಾಗಿ ಅರಿತೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಗೆ 1988ರಲ್ಲಿ ಆಟಗಾರರನ್ನು ಆಯ್ಕೆ ಮಾಡಿದಾಗ ಅರಿಜೋನಾ ವಿಶ್ವವಿದ್ಯಾಲಯದ ಸ್ಟೀವ್ ಕೆರ್ ಅವರ ಹೆಸರು ಬಂದದ್ದು ಎರಡನೇ ಸುತ್ತಿನಲ್ಲಿ, 50ನೆಯವರಾಗಿ. ಆ ಅಂಕಿ ಓದಿದಾಗಲೆಲ್ಲ ಪಂಜಾಬಿನ ಸತ್ನಾಂ ಸಿಂಗ್ ಅವರ ನೆನಪಾಗುತ್ತದೆ. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿದಾಗ, ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯನೆಂದು ದೇಶವೆಲ್ಲ ಸಂಭ್ರಮಿಸಿತು. ಎರಡನೇ ಸುತ್ತಿನಲ್ಲಿ ಆಯ್ಕೆಯಾದವರಿಗೆ ಮೊದಲ ಸುತ್ತಿನವರಂತೆ ಖಾತ್ರಿ ಒಪ್ಪಂದ ಇರುವುದಿಲ್ಲ. ತಂಡ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಏಳಡಿ ದಾಟಿದ ಸತ್ನಾಂ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಕೊನೆಗೆ ವೃತ್ತಿಪರ ಕುಸ್ತಿಯತ್ತ ಹೋದರು. ಅವರಿಗಿಂತ ಬರೀ ಎರಡು ಸ್ಥಾನ ಮೇಲಿದ್ದ, ಆರಡಿ ಮೂರಂಗುಲದ, ಓಟದಲ್ಲೂ ಜಿಗಿತದಲ್ಲೂ ಸಾಧಾರಣರೆನಿಸಿದ್ದ, ಕಾಲೇಜಿನ ದಿನಗಳಲ್ಲೇ ಮಂಡಿ ಮುರಿದುಕೊಂಡು ಒಂದು ಇಡೀ ಋತು ಕಳೆದುಕೊಂಡಿದ್ದ ಕೆರ್ ಹದಿನೈದು ಋತು ಉಳಿದರು, 910 ಪಂದ್ಯ ಆಡಿದರು, ಆಟಗಾರರಾಗಿ ಐದು ಚಾಂಪಿಯನ್‌ಷಿಪ್ ಗೆದ್ದರು. 1996, 1997, 1998ರಲ್ಲಿ ಷಿಕಾಗೊ ಬುಲ್ಸ್ ಜೊತೆ, 1999 ಮತ್ತು 2003ರಲ್ಲಿ ಸ್ಯಾನ್ ಆಂಟೊನಿಯೊ ಸ್ಪರ್ಸ್ ಜೊತೆ.

ಅವರನ್ನು ಉಳಿಸಿದ್ದು ಒಂದೇ ಒಂದು ಕಸುಬು: ದೂರದ ಗೆರೆಯಾಚೆಯಿಂದ ಎಸೆದ ಚೆಂಡನ್ನು ರಿಂಗಿನೊಳಗೆ ಇಳಿಸುವುದು. ಮೂರು ಅಂಕ ತರುವ ಅಂಥ ಎಸೆತಗಳಲ್ಲಿ, ಎಂದರೆ ತ್ರೀ ಪಾಯಿಂಟರ್‌ಗಳಲ್ಲಿ, ಅವರು ವೃತ್ತಿಜೀವನದುದ್ದಕ್ಕೂ ರಿಂಗಿಗೆ ಇಳಿಸಿದ್ದು ಶೇ 45.4. ಎನ್‌ಬಿಎ ಇತಿಹಾಸದಲ್ಲಿ ಅದನ್ನು ಇನ್ನೂ ಯಾರೂ ದಾಟಿಲ್ಲ, ಕರಿ ಕೂಡ ದಾಟಿಲ್ಲ. ನನ್ನ ಗಮನ ನಿಲ್ಲುವುದು ಮಾತ್ರ ಇನ್ನೊಂದು ಅಂಕಿಯ ಮೇಲೆ. ನಲವತ್ತೆಂಟು ನಿಮಿಷಗಳ ಪಂದ್ಯದಲ್ಲಿ ಅವರು ಸರಾಸರಿ ಹದಿನೆಂಟು ನಿಮಿಷವೂ ಪೂರ್ತಿ ಆಡಲಿಲ್ಲ, ಪಂದ್ಯಕ್ಕೆ ಸರಾಸರಿ ಆರು ಅಂಕ ಗಳಿಸಿದರು. ಎಂದರೆ ಪ್ರತಿ ಪಂದ್ಯದಲ್ಲೂ ಅರ್ಧ ಗಂಟೆ ಅವರು ಬೆಂಚಿನ ಮೇಲಿದ್ದರು, ಹದಿನೈದು ವರ್ಷ ಹಾಗೆಯೇ ಇದ್ದರು. ಆ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಲೆನ್ನಿ ವಿಲ್ಕನ್ಸ್, ಷಿಕಾಗೊದಲ್ಲಿ ಫಿಲ್ ಜಾಕ್ಸನ್, ಸ್ಯಾನ್ ಆಂಟೊನಿಯೊದಲ್ಲಿ ಗ್ರೆಗ್ ಪೊಪೊವಿಚ್ ಕೋಚ್‌ಗಳಾಗಿ ಇದ್ದರು. ಬ್ಯಾಸ್ಕೆಟ್‌ಬಾಲ್ ಕಲಿಸುವ ವಿದ್ಯೆಗೆ ಒಂದು ವಿಶ್ವವಿದ್ಯಾಲಯ ಇದ್ದಿದ್ದರೆ ಅದರ ಪ್ರಾಧ್ಯಾಪಕರ ಪಟ್ಟಿಯಲ್ಲಿ ಈ ಮೂವರೂ ಇರುತ್ತಿದ್ದರು.

ಬೆಂಚಿನ ಮೇಲೆ ಕೂರುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ಮೈ ಬೆಚ್ಚಗಿದ್ದು ತಣ್ಣಗಾಗುತ್ತದೆ, ಕಾಲು ಮರಗಟ್ಟುತ್ತದೆ, ತನ್ನ ಜಾಗದಲ್ಲಿ ಆಡುತ್ತಿರುವವನು ತಪ್ಪು ಮಾಡಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸುತ್ತದೆ, ಹಾಗೆ ಬಯಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಅಂಥ ಹೊತ್ತಿನಲ್ಲಿ ಕಣ್ಣು ಆಟದ ಮೇಲೆ ನೆಟ್ಟಿರುವವರು ಕಡಿಮೆ. ಕೆರ್ ಅವರ ಕಣ್ಣು ನೆಟ್ಟಿತ್ತು ಎಂಬುದಕ್ಕೆ 1997ರ ಜೂನ್ 13ರ ಫೈನಲ್ ಪಂದ್ಯ ಸಾಕ್ಷಿ. ಅದನ್ನು ನಾನು ಆಗ ನೋಡಲಿಲ್ಲ, ಎಷ್ಟೋ ವರ್ಷಗಳ ನಂತರ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಏಳು ಪಂದ್ಯಗಳ ಫೈನಲ್ ಸರಣಿಯಲ್ಲಿ ಯೂಟಾ ತಂಡದ ವಿರುದ್ಧದ ಆರನೇ ಪಂದ್ಯ, ಅಂಕ 86-86, ಉಳಿದಿರುವುದು ಕೆಲವೇ ಸೆಕೆಂಡು. ಟೈಮ್ ಔಟಿನಲ್ಲಿ ಮೈಕೆಲ್ ಜೋರ್ಡನ್ ಪಕ್ಕದಲ್ಲಿದ್ದ ಕೆರ್ ಕಡೆ ತಿರುಗಿ, ಯೂಟಾದ ಜಾನ್ ಸ್ಟಾಕ್ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರುತ್ತಾನೆ ಎನ್ನುತ್ತಾರೆ. ಕೆರ್ ತಾನು ಸಿದ್ಧನಿದ್ದೇನೆ ಎನ್ನುತ್ತಾರೆ. ಹೇಳಿದಂತೆಯೇ ಸ್ಟಾಕ್ಟನ್ ಆ ಕಡೆ ಸರಿಯುತ್ತಾರೆ, ಜೋರ್ಡನ್ ಪಾಸ್ ಕೊಡುತ್ತಾರೆ, ಕೆರ್ ಹದಿನೇಳು ಅಡಿ ದೂರದಿಂದ ಚೆಂಡನ್ನು ಹಾಕಿಬಿಡುತ್ತಾರೆ. ಬುಲ್ಸ್ 90-86ರಲ್ಲಿ ಗೆದ್ದು ಚಾಂಪಿಯನ್ ಆಗುತ್ತದೆ. ಆ ತುಣುಕನ್ನು ನಮ್ಮ ಮಕ್ಕಳಿಗೆ ತೋರಿಸುವಾಗ ಶಾಟ್ ಬರುವ ಮೊದಲೇ ನಿಲ್ಲಿಸಿ, ಚೆಂಡು ಕೈಗೆ ಬರುವ ಮೊದಲು ಅವರ ಪಾದಗಳು ಎಲ್ಲಿ ಇವೆ, ಮಂಡಿ ಎಷ್ಟು ಬಾಗಿದೆ ನೋಡಿ ಎನ್ನುತ್ತೇನೆ. ಚೆಂಡು ಬಂದ ಮೇಲೆ ಅವರು ಸಿದ್ಧವಾಗಲಿಲ್ಲ, ಸಿದ್ಧವಾಗಿದ್ದ ಕಡೆಗೆ ಚೆಂಡು ಬಂತು.

ಇನ್ನು ಹಣದ ವಿಷಯ. ಆ ಹದಿನೈದು ಋತುಗಳಲ್ಲಿ ಕೆರ್ ಗಳಿಸಿದ ಒಟ್ಟು ಸಂಬಳ ಸುಮಾರು 1 ಕೋಟಿ 58 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಅದು ಊಹೆಗೆ ನಿಲುಕದ ಮೊತ್ತವೇ ಸರಿ, ಆದರೆ ಅವರ ಜೊತೆಯ ತಾರೆಗಳ ಪಕ್ಕದಲ್ಲಿಟ್ಟರೆ ಸಣ್ಣದು. 2003ರಲ್ಲಿ ಆಟ ಬಿಟ್ಟ ಮೇಲೆ ಅವರು ಟಿವಿಯಲ್ಲಿ ಪಂದ್ಯಗಳ ವಿಶ್ಲೇಷಣೆ ಮಾಡಿದರು, 2004ರಲ್ಲಿ ಫೀನಿಕ್ಸ್ ಸನ್ಸ್ ತಂಡವನ್ನು ಕೊಂಡ ಹೂಡಿಕೆದಾರರ ಗುಂಪಿನಲ್ಲಿ ಸಣ್ಣ ಪಾಲುದಾರರಾದರು, 2007ರಿಂದ 2010ರವರೆಗೆ ಅದೇ ತಂಡದ ಜನರಲ್ ಮ್ಯಾನೇಜರ್ ಆಗಿದ್ದರು, ಮತ್ತೆ ಟಿವಿಗೆ ಮರಳಿದರು. 2014ರಲ್ಲಿ, ಅದುವರೆಗೆ ಯಾವ ತಂಡಕ್ಕೂ ಕೋಚ್ ಆಗಿರದ ಅವರನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಐದು ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಒಪ್ಪಂದದ ಮೇಲೆ ಕರೆತಂದಿತು. ಮೊದಲ ಋತುವಿನಲ್ಲೇ 67 ಪಂದ್ಯ ಗೆದ್ದು, ಆ ತಂಡಕ್ಕೆ ನಲವತ್ತು ವರ್ಷಗಳ ನಂತರ ಚಾಂಪಿಯನ್ ಪಟ್ಟ ತಂದರು. ಮರುವರ್ಷ 73 ಗೆಲುವು, 9 ಸೋಲು. ಒಂದು ಋತುವಿನಲ್ಲಿ ಅತಿ ಹೆಚ್ಚು ಗೆಲುವಿನ ಆ ದಾಖಲೆ ಇಂದಿಗೂ ಹಾಗೇ ಇದೆ. 2017, 2018, 2022ರಲ್ಲಿ ಮತ್ತೆ ಚಾಂಪಿಯನ್ ಆದರು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡಕ್ಕೆ ಚಿನ್ನ ಗೆಲ್ಲಿಸಿದರು. ಆ ವರ್ಷದ ಫೆಬ್ರುವರಿಯಲ್ಲಿ ಅವರಿಗೆ ಸಿಕ್ಕ ಹೊಸ ಒಪ್ಪಂದ ಎರಡು ವರ್ಷಕ್ಕೆ ಮೂರೂವರೆ ಕೋಟಿ ಡಾಲರ್ ಎಂದು ವರದಿಯಾಯಿತು. ವರ್ಷಕ್ಕೆ 1 ಕೋಟಿ 75 ಲಕ್ಷ ಡಾಲರ್, ಆಗಿನ ವಿನಿಮಯ ದರದಲ್ಲಿ ಸುಮಾರು 145 ಕೋಟಿ ರೂಪಾಯಿ.

ಈ ಎರಡು ಅಂಕಿಗಳನ್ನು ಬ್ಯಾಂಕಿನ ಹಳೆಯ ಅಭ್ಯಾಸದಂತೆ ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದೆ. ಹದಿನೈದು ವರ್ಷ ಆಡಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಅವರು ಕೋಚ್ ಆಗಿ ಒಂದೇ ವರ್ಷದಲ್ಲಿ ಗಳಿಸಿದರು. ಡಾಲರಿನ ಬೆಲೆ ಕಾಲದಿಂದ ಕಾಲಕ್ಕೆ ಇಳಿದದ್ದನ್ನೂ ಲೀಗಿನ ಆದಾಯ ಏರಿದ್ದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು: 2014ರಲ್ಲಿ ಎನ್‌ಬಿಎ ಮಾಡಿಕೊಂಡ ಟಿವಿ ಪ್ರಸಾರದ ಒಪ್ಪಂದವೊಂದೇ ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರಿನದು. ಆಟಗಾರರ ಸಂಬಳಕ್ಕೆ ಲೀಗಿನಲ್ಲಿ ಮಿತಿ ಇದೆ, ಕೋಚ್ ಸಂಬಳ ಆ ಮಿತಿಯೊಳಗೆ ಬರುವುದಿಲ್ಲವಾದ್ದರಿಂದ ಮಾಲೀಕರು ಮನಸ್ಸು ಮಾಡಿದಷ್ಟು ಕೊಡಬಹುದು. ಇವೆಲ್ಲವೂ ನಿಜ. ಆದರೂ ಆ ಹಣ ಬಂದದ್ದು ಯಾವುದಕ್ಕೆ ಎಂದು ಕೇಳಿಕೊಂಡರೆ, ಕೋರ್ಟಿನಲ್ಲಿ ಓಡಿದ ಹದಿನೆಂಟು ನಿಮಿಷಕ್ಕಿಂತ ಬೆಂಚಿನಲ್ಲಿ ಕೂತು ನೋಡಿದ ಮೂವತ್ತು ನಿಮಿಷಕ್ಕೆ ಬಂದದ್ದೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಆಡಿದ್ದರ ಕೂಲಿ ಆಗಲೇ ಸಿಕ್ಕಿತ್ತು, ನೋಡಿದ್ದರ ಕೂಲಿ ಹನ್ನೊಂದು ವರ್ಷ ಕಾದು ಬಡ್ಡಿಯೊಡನೆ ಬಂತು.

ಅವರು ಕೋಚ್ ಆಗಿ ಮಾಡಿದ ಎರಡು ಕೆಲಸಗಳು ನನಗೆ ಅವರ ಗೆಲುವುಗಳಿಗಿಂತ ದೊಡ್ಡವಾಗಿ ಕಾಣುತ್ತವೆ. 2015ರ ಫೈನಲ್‌ನಲ್ಲಿ ತಂಡ 2-1ರ ಹಿನ್ನಡೆಯಲ್ಲಿದ್ದಾಗ, ಎತ್ತರದ ಆಟಗಾರನನ್ನು ಕೂರಿಸಿ ಆಂಡ್ರೆ ಇಗೋಡಾಲಾ ಅವರನ್ನು ಮೊದಲ ಐವರಲ್ಲಿ ಇಳಿಸೋಣ ಎಂದು ಸೂಚಿಸಿದ್ದು ನಿಕ್ ಯುರೆನ್ ಎಂಬ ಇಪ್ಪತ್ತೆಂಟರ ಸಹಾಯಕ. ಕೆರ್ ಅದನ್ನು ಒಪ್ಪಿದರು. ತಂಡ ಸತತ ಮೂರು ಪಂದ್ಯ ಗೆದ್ದು ಚಾಂಪಿಯನ್ ಆಯಿತು, ಇಗೋಡಾಲಾ ಫೈನಲ್‌ನ ಶ್ರೇಷ್ಠ ಆಟಗಾರರೆನಿಸಿದರು, ಸಲಹೆ ಯಾರದೆಂಬುದನ್ನು ಕೆರ್ ಎಲ್ಲರ ಮುಂದೆ ಹೇಳಿದರು. ಇನ್ನೊಂದು 2018ರ ಫೆಬ್ರುವರಿಯದು. ಋತುವಿನ ನಡುವೆ ಆಟಗಾರರು ತಮ್ಮ ಮಾತಿಗೆ ಮೊದಲಿನಂತೆ ಕಿವಿಗೊಡುತ್ತಿಲ್ಲವೆಂದು ಅನ್ನಿಸಿದಾಗ, ಫೀನಿಕ್ಸ್ ವಿರುದ್ಧದ ಪಂದ್ಯದ ಟೈಮ್ ಔಟ್‌ಗಳಲ್ಲಿ ಬರೆಯುವ ಫಲಕವನ್ನು ಆಟಗಾರರ ಕೈಗೇ ಕೊಟ್ಟು ತಾವು ಪಕ್ಕಕ್ಕೆ ನಿಂತರು. ವಾರಿಯರ್ಸ್ ಆ ದಿನ 46 ಅಂಕಗಳಿಂದ ಗೆದ್ದಿತು. ಎದುರಾಳಿಗೆ ಇದು ಅವಮಾನವೆಂದು ಕೆಲವರು ಆಕ್ಷೇಪಿಸಿದರು, ಆದರೆ ನನಗೆ ಅದು ಬೆಂಚಿನಲ್ಲಿ ಹದಿನೈದು ವರ್ಷ ಬಾಯಿ ಮುಚ್ಚಿ ಕೂತಿದ್ದವರು ಮಾತ್ರ ಯೋಚಿಸಬಲ್ಲ ಕೆಲಸವಾಗಿ ಕಂಡಿತು. ಕೂತವರಿಗೂ ಆಟ ಕಾಣುತ್ತದೆ ಎಂಬುದನ್ನು ಅವರು ಮರೆತಿರಲಿಲ್ಲ. ಅದನ್ನು ಓದಿದ ಮೇಲೆ ನಾನೂ ತಿಂಗಳಿಗೊಂದು ಅಭ್ಯಾಸ ಪಂದ್ಯದಲ್ಲಿ ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಡುತ್ತಿದ್ದೇನೆ. ಕೋರ್ಟಿನ ಅಂಚಿನಲ್ಲಿ ಮಂಡಿಯೂರಿ ಅವರು ಬರೆಯುವ ಬಾಣದ ಗುರುತುಗಳನ್ನು ನೋಡುವುದೇ ಒಂದು ಸಂತೋಷ.

ಆಡಿದವರು ಕೋಚ್ ಆದ ಎಲ್ಲರ ಕಥೆಯೂ ಹೀಗೆ ನೇರವಾಗಿಲ್ಲ. ಒಂಬತ್ತು ಋತು ಎನ್‌ಬಿಎಯಲ್ಲಿ ಆಡಿದ ಮಾಂಟಿ ವಿಲಿಯಮ್ಸ್ ಫೀನಿಕ್ಸ್ ತಂಡವನ್ನು 2021ರಲ್ಲಿ ಫೈನಲ್‌ವರೆಗೆ ಕರೆದೊಯ್ದ ಕೋಚ್. 2023ರಲ್ಲಿ ಡೆಟ್ರಾಯಿಟ್ ಅವರಿಗೆ ಆರು ವರ್ಷಕ್ಕೆ 7 ಕೋಟಿ 85 ಲಕ್ಷ ಡಾಲರಿನ ಒಪ್ಪಂದ ಕೊಟ್ಟಿತು. ಮೊದಲ ಋತುವಿನಲ್ಲಿ ಸತತ 28 ಸೋಲು, ಒಟ್ಟು 14 ಗೆಲುವು, 68 ಸೋಲು. ಒಂದೇ ವರ್ಷಕ್ಕೆ ಅವರನ್ನು ತೆಗೆದುಹಾಕಲಾಯಿತು, ಒಪ್ಪಂದದ ಉಳಿದ ಆರೂವರೆ ಕೋಟಿಯಷ್ಟು ಡಾಲರ್ ಮಾತ್ರ ಅವರಿಗೆ ಸಲ್ಲಬೇಕಾಗಿಯೇ ಉಳಿಯಿತು. ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಗುತ್ತಿಗೆಯ ಮೇಲೆ ದುಡಿಯುವ, ಮಾರ್ಚ್ ಬಂತೆಂದರೆ ಮುಂದಿನ ಆದೇಶ ಬರುವುದೋ ಇಲ್ಲವೋ ಎಂದು ಕಾಯುವ ಕೋಚ್ ಗೆಳೆಯರಿಗೆ ಇದನ್ನು ಹೇಳಿದರೆ ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್.ಐ.ಎಸ್.) ಕೋಚ್ ತರಬೇತಿ ಮುಗಿಸಿ ಬಂದವರೂ ಅವರಲ್ಲಿದ್ದಾರೆ. ಅವರಿಗೆ ಕೆಲಸದ ಖಾತ್ರಿ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ, ಏಕೆಂದರೆ ಒಂದು ತಂಡ ಕಟ್ಟಲು ಮೂರು ವರ್ಷವಾದರೂ ಬೇಕು, ಹನ್ನೊಂದು ತಿಂಗಳ ಆದೇಶದಲ್ಲಿ ಅದು ಆಗುವುದಿಲ್ಲ.

ಅದೇ 2021ರ ಫೈನಲ್‌ನಲ್ಲಿ ಎದುರು ಬೆಂಚಿನಲ್ಲಿ, ಮಿಲ್ವಾಕಿ ಬಕ್ಸ್ ತಂಡದ ಸಹಾಯಕ ಕೋಚ್‌ಗಳ ಸಾಲಿನಲ್ಲಿ, ವಿನ್ ಬೇಕರ್ ಕೂತಿದ್ದರು. ಆಸ್ತಿಯ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ಇವರ ಕಥೆಯನ್ನೇ. ಮೆಕ್ಯಾನಿಕ್ ಕೆಲಸ ಮಾಡುತ್ತ ಚರ್ಚಿನಲ್ಲಿ ಪಾದ್ರಿಯೂ ಆಗಿದ್ದ ತಂದೆಯ ಮಗ. 1993ರಲ್ಲಿ ಮಿಲ್ವಾಕಿ ಅವರನ್ನು ಎಂಟನೆಯವರಾಗಿ ಆರಿಸಿತು. 1995ರಿಂದ 1998ರವರೆಗೆ ಸತತ ನಾಲ್ಕು ವರ್ಷ ಲೀಗಿನ ತಾರೆಗಳ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆ. 1999ರಲ್ಲಿ ಸಿಯಾಟಲ್ ತಂಡದಿಂದ ಏಳು ವರ್ಷಕ್ಕೆ 8 ಕೋಟಿ 60 ಲಕ್ಷ ಡಾಲರಿನ ಒಪ್ಪಂದ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಿನ್ನ. ಒಟ್ಟಾರೆ ಗಳಿಕೆ ಹತ್ತು ಕೋಟಿ ಡಾಲರಿನ ಹತ್ತಿರ, ಎಂದರೆ ಕೆರ್ ಆಟಗಾರರಾಗಿ ಗಳಿಸಿದ್ದರ ಆರು ಪಟ್ಟು. ಅದೆಲ್ಲ ಕರಗಿಹೋಯಿತು. ಆಟಗಾರರೊಡನೆ ಹಣದ ತಕರಾರಿನಲ್ಲಿ ತಂಡಗಳ ಮಾಲೀಕರು ಲೀಗಿಗೇ ಬೀಗ ಹಾಕಿದ್ದರಿಂದ 1998-99ರ ಋತು ತಡವಾದ ದಿನಗಳಲ್ಲಿ ಮೈ ಬೆಳೆಯಿತು, ಅಷ್ಟರಲ್ಲೇ ಕುಡಿತವೂ ಬೆಳೆದಿತ್ತು. 2004ರಲ್ಲಿ ಬೋಸ್ಟನ್ ತಂಡ ಅವರ ಒಪ್ಪಂದವನ್ನೇ ಕೊನೆಗೊಳಿಸಿತು. ಊರಲ್ಲಿ ತೆರೆದ ಮೀನಿನ ಖಾದ್ಯಗಳ ಹೋಟೆಲು ಮುಚ್ಚಿತು, ಮನೆ ಸಾಲಕ್ಕೆ ಹೋಯಿತು.

ಅಷ್ಟು ಹಣ ಹೇಗೆ ಮುಗಿಯಿತು ಎಂದು ಕೇಳುವವರು ಅದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. ಆ ದಿನಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಆದಾಯ ತೆರಿಗೆಯ ಮೇಲಿನ ದರವೇ ಶೇ 39.6. ಅದರ ಮೇಲೆ ಪಂದ್ಯ ಆಡಲು ಹೋದ ರಾಜ್ಯಗಳಲ್ಲಿ ಹಲವು ತಮ್ಮ ಪಾಲಿನ ತೆರಿಗೆ ಕೇಳುತ್ತವೆ, ಏಜೆಂಟ್ ಶೇ 4ರವರೆಗೆ ತೆಗೆದುಕೊಳ್ಳಬಹುದು. ಎಂದರೆ ಪತ್ರಿಕೆಯಲ್ಲಿ ಬಂದ ನೂರು ರೂಪಾಯಿಯಲ್ಲಿ ಕೈಗೆ ಸಿಗುವುದು ಐವತ್ತರ ಆಸುಪಾಸು. ಆ ಐವತ್ತು ಬರುವುದೂ ಇಪ್ಪತ್ತೆರಡರಿಂದ ಮೂವತ್ತೈದರ ವಯಸ್ಸಿನೊಳಗೆ, ಬದುಕಿನಲ್ಲಿ ಯಾರಿಗೂ ಇಲ್ಲ ಎನ್ನಲು ಬಾರದ ಕಾಲದಲ್ಲಿ. ಅದನ್ನು ಮುಂದಿನ ಐವತ್ತು ವರ್ಷಕ್ಕೆ ಹಂಚಬೇಕೆಂದು ಆ ವಯಸ್ಸಿನ ಹುಡುಗನಿಗೆ ಹೇಳಿಕೊಡುವವರು ಯಾರು? ನನಗೂ ಹೇಳಿಕೊಟ್ಟವರಿರಲಿಲ್ಲ. 1994ರಲ್ಲಿ ಪಂದ್ಯಾವಳಿಗಳ ಬಹುಮಾನ, ದಿನಭತ್ಯೆ ಎಲ್ಲ ಕೂಡಿಸಿ ಉಳಿಸಿದ್ದ ನಲವತ್ತು ಸಾವಿರ ರೂಪಾಯಿಯನ್ನು ಪರಿಚಯದವರೊಬ್ಬರು ನಡೆಸುತ್ತಿದ್ದ ಚೀಟಿಗೆ ಕಟ್ಟಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಊರಿನವರಿಗೆಲ್ಲ ಠೇವಣಿಯ ರಸೀದಿ ಬರೆದುಕೊಡುತ್ತಿದ್ದ ನಾನು ಆ ಚೀಟಿಗೆ ಒಂದು ರಸೀದಿಯನ್ನೂ ಕೇಳಲಿಲ್ಲ. ಒಂದು ಯುಗಾದಿಯ ಮರುದಿನ ಅವರ ಮನೆಗೆ ಬೀಗ ಬಿದ್ದಿತ್ತು. ತೋರಣದ ಮಾವಿನೆಲೆ ಇನ್ನೂ ಹಸಿರಾಗಿದ್ದದ್ದು ನೆನಪಿದೆ. ತಿಂಗಳ ಸಂಬಳ ಇದ್ದುದರಿಂದ ನಾನು ಬಚಾವಾದೆ. ಬೇಕರ್ ಅವರಿಗೆ ಆ ತಿಂಗಳ ಸಂಬಳ ಇರಲಿಲ್ಲ, ಆದ್ದರಿಂದ ಅವರ ಬಗ್ಗೆ ಹಗುರವಾಗಿ ಮಾತಾಡಲು ನನ್ನಿಂದ ಆಗುವುದಿಲ್ಲ.

2011ರಲ್ಲಿ ಅವರು ಕುಡಿತ ಬಿಟ್ಟರು. 2015ರಲ್ಲಿ, ನಲವತ್ಮೂರನೇ ವಯಸ್ಸಿನಲ್ಲಿ, ರೋಡ್ ಐಲೆಂಡ್ ರಾಜ್ಯದ ನಾರ್ತ್ ಕಿಂಗ್ಸ್‌ಟೌನ್ ಎಂಬ ಊರಿನ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಮ್ಯಾನೇಜರ್ ಆಗುವುದಕ್ಕೆ ತರಬೇತಿ ಪಡೆಯುತ್ತಿದ್ದಾರೆ ಎಂಬ ಸುದ್ದಿ ಬಂತು. ಆ ಅವಕಾಶ ಕೊಟ್ಟವರು ಅವರು ಆಡುತ್ತಿದ್ದ ಸಿಯಾಟಲ್ ತಂಡಕ್ಕೆ ಹಿಂದೆ ಮಾಲೀಕರಾಗಿದ್ದ, ಸ್ಟಾರ್‌ಬಕ್ಸ್ ಮುಖ್ಯಸ್ಥ ಹೊವರ್ಡ್ ಷುಲ್ಟ್ಸ್. ಒಂದು ಕಾಲಕ್ಕೆ ಹದಿನೈದು ಸಾವಿರ ಜನ ಹೆಸರು ಕೂಗುತ್ತಿದ್ದ ಆರಡಿ ಹನ್ನೊಂದಂಗುಲದ ಮನುಷ್ಯ ಕೌಂಟರಿನ ಹಿಂದೆ ಏಪ್ರನ್ ಕಟ್ಟಿ ನಿಂತದ್ದನ್ನು ಕೆಲವರು ಪತನವೆಂದು ಬರೆದರು. ನನಗೆ ಅದು ಪತನವಾಗಿ ಕಾಣಲಿಲ್ಲ. ಕೌಂಟರಿನ ಹಿಂದೆ ನಿಲ್ಲುವುದು ಏನೆಂದು ನನಗೆ ಗೊತ್ತಿದೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರಬೇಕು, ಬಂದವರೆಲ್ಲರನ್ನೂ ಒಂದೇ ಮುಖದಲ್ಲಿ ಮಾತಾಡಿಸಬೇಕು, ಸಂಜೆ ಲೆಕ್ಕ ಸರಿಹೊಂದಬೇಕು. ಅದನ್ನು ದಿನವೂ ಮಾಡಬಲ್ಲವನು ತಂಡವನ್ನೂ ನೋಡಿಕೊಳ್ಳಬಲ್ಲ. 2018ರಲ್ಲಿ, ತಮ್ಮನ್ನು ಮೊದಲು ಆರಿಸಿಕೊಂಡಿದ್ದ ಮಿಲ್ವಾಕಿ ತಂಡಕ್ಕೇ ಅವರು ಸಹಾಯಕ ಕೋಚ್ ಆಗಿ ಮರಳಿದರು. 2021ರ ಜುಲೈ 20ರಂದು ಬಕ್ಸ್ ತಂಡ ಐವತ್ತು ವರ್ಷಗಳ ನಂತರ ಚಾಂಪಿಯನ್ ಆದಾಗ, ಆಟಗಾರರಾಗಿ ಅವರಿಗೆ ಎಂದೂ ಸಿಗದ ಎನ್‌ಬಿಎ ಪಟ್ಟದ ಉಂಗುರ ಕೋಚ್ ಆಗಿ ಸಿಕ್ಕಿತು. ಆಡುವಾಗ ಬಂದದ್ದೆಲ್ಲ ಹೋಗಿತ್ತು. ಎತ್ತರದ ಆಟಗಾರ ರಿಂಗಿನ ಕೆಳಗೆ ಎದುರಾಳಿಗೆ ಬೆನ್ನು ಕೊಟ್ಟು ಚೆಂಡು ಹಿಡಿಯುವಾಗ ಯಾವ ಕಾಲನ್ನು ಮೊದಲು ಇಡಬೇಕು ಎಂಬ ತಿಳಿವು ಮಾತ್ರ ಯಾವ ಸಾಲಗಾರನೂ ಜಪ್ತಿ ಮಾಡಲಾಗದಂತೆ ಅವರ ಬಳಿಯೇ ಉಳಿದಿತ್ತು.

ಅಂಥ ತಿಳಿವನ್ನು ನಾನು ಹತ್ತಿರದಿಂದ ಕಂಡದ್ದು ನಮ್ಮ ಪಿ.ಟಿ. ಮೇಷ್ಟ್ರಲ್ಲಿ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಓದಿ ಬಂದವರು ಅವರು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ, ಕಬಡ್ಡಿ ಕೊಕ್ಕೊ ಬಿಟ್ಟರೆ ಬೇರೆ ಆಟವೇ ಇಲ್ಲದಿದ್ದ ಕಡೆ, ತೆಂಗಿನ ಮರದ ಕಂಬಗಳಿಗೆ ಹಲಗೆ ಹೊಡೆಸಿ, ಗಾಡಿ ಚಕ್ರಕ್ಕೆ ಪಟ್ಟಿ ಕಟ್ಟುವ ಕಮ್ಮಾರನಿಂದ ರಿಂಗ್ ಬಗ್ಗಿಸಿ ತಂದು ನಮಗೆ ಆಟ ಕಲಿಸಿದರು. ಅವರು ತೀರಿಕೊಂಡ ಮೇಲೆ ಅವರ ಮನೆಯವರು ನನ್ನನ್ನು ಕರೆದು ಒಂದು ಟ್ರಂಕು ಕೊಟ್ಟರು. ಅದರಲ್ಲಿ ಇಪ್ಪತ್ತಮೂರು ಲೆಕ್ಕದ ಪುಸ್ತಕಗಳಿದ್ದವು. ನಾವು ಆಡಿದ ಪ್ರತಿಯೊಂದು ಪಂದ್ಯದ ವಿವರ, ಯಾರು ಯಾರಿಗೆ ಪಾಸ್ ಕೊಟ್ಟರು, ಯಾರು ಎಷ್ಟು ಫ್ರೀ ಥ್ರೋ ತಪ್ಪಿಸಿದರು, ಬೆಂಚಿನಲ್ಲಿ ಯಾರು ಕೂತಿದ್ದರು ಎಂಬುದೆಲ್ಲ ನೀಲಿ ಶಾಯಿಯಲ್ಲಿ ಗುಂಡಗಿನ ಅಕ್ಷರದಲ್ಲಿತ್ತು. ಒಂದು ಪುಟದಲ್ಲಿ ನನ್ನ ಹೆಸರಿನ ಮುಂದೆ "ಎಡಗೈ ಬಳಸುವುದಿಲ್ಲ, ಹೇಳಬೇಕು" ಎಂದಿತ್ತು. ಅವರು ಹೇಳಿದ್ದರು, ನಾನು ಕಲಿತಿದ್ದೆ, ರಿಂಗಿನ ಹತ್ತಿರಕ್ಕೆ ಓಡಿ ಎಡಗೈಯಿಂದ ಚೆಂಡು ಹಾಕುವ ಆ ಲೇ-ಅಪ್ ನೋಡಿಯೇ ಬ್ಯಾಂಕಿನವರು ನನ್ನನ್ನು ಆರಿಸಿದ್ದರು. ಆ ಒಂದು ಸಾಲಿನ ಬೆಲೆ ನನ್ನ ಮೂವತ್ತೈದು ವರ್ಷದ ಸಂಬಳ ಮತ್ತು ಈಗಿನ ಪಿಂಚಣಿ. ಅದಕ್ಕೆ ಅವರಿಗೆ ಸಿಕ್ಕಿದ್ದು ನಾನು ಮೊದಲ ತಿಂಗಳು ಕೊಂಡೊಯ್ದ ಒಂದು ಕಿಲೋ ಮೈಸೂರುಪಾಕು.

ಪ್ರಶ್ನೆ ಕೇಳಿದ ಹುಡುಗನ ತಾಯಿ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಹೋದ ಭಾನುವಾರ ಅವರು ಕೋರ್ಟಿಗೆ ಬಂದು, ಗೇಟಿನ ಬಳಿಯೇ ನಿಂತು, "ಸರ್, ಇವನು ಆಡಿದರೆ ಮುಂದೆ ಏನಾದರೂ ಅನುಕೂಲ ಆಗ್ತದಾ? ಇಲ್ಲ ಅಂದ್ರೆ ಟ್ಯೂಷನ್‌ಗೆ ಹಾಕ್ತೀನಿ" ಎಂದು ಕೇಳಿದರು. ಅವರ ದುಡಿಮೆಯ ಹಣ ಮತ್ತು ಮಗನ ವರ್ಷಗಳು ಎರಡೂ ಪಣಕ್ಕಿರುವ ಪ್ರಶ್ನೆ ಅದು, ಸಿಹಿಮಾತು ಹೇಳಿ ಕಳಿಸಲು ಬರುವುದಿಲ್ಲ. ಹುಡುಗ ಎತ್ತರವಿಲ್ಲ, ವೇಗವೂ ಅಷ್ಟಿಲ್ಲ, ರಾಜ್ಯ ತಂಡ ಸೇರುವುದು ಕಷ್ಟ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕ್ರೀಡಾ ಕೋಟಾದ ನೌಕರಿಗಳು ನಮ್ಮ ಕಾಲದಷ್ಟು ಸುಲಭವಲ್ಲವೆಂದೂ, ದೈಹಿಕ ಶಿಕ್ಷಣದ ಪದವಿ, ಎನ್.ಐ.ಎಸ್. ತರಬೇತಿ, ಪಂದ್ಯದ ಅಧಿಕಾರಿಯಾಗುವ ಪರೀಕ್ಷೆ ಎಂಬ ಬೇರೆ ದಾರಿಗಳಿವೆಯೆಂದೂ, ಯಾವುದಕ್ಕೂ ಶಾಲೆಯ ಓದು ಬೇಕೇ ಬೇಕಾದ್ದರಿಂದ ಟ್ಯೂಷನ್ ಬಿಡಿಸಬಾರದೆಂದೂ ತಿಳಿಸಿದೆ. ನಂತರ ಅವನ ಚೀಲದಲ್ಲಿದ್ದ ಇನ್ನೂರು ಪುಟದ ನೋಟ್‌ಬುಕ್ ತರಿಸಿ ಅವರ ಮುಂದೆ ಬಿಡಿಸಿದೆ. ಹೋದ ತಿಂಗಳು ಚಿಕ್ಕನಾಯಕನಹಳ್ಳಿಯ ಹುಡುಗರ ಜೊತೆ ಆಡಿದ ಪಂದ್ಯದಲ್ಲಿ ಬೆಂಚಿನ ಮೇಲೆ ಕೂತೇ ಅವನು ಅವರ ಏಳನೇ ನಂಬರಿನ ಆಟಗಾರ ಡ್ರಿಬಲ್ ಮಾಡುತ್ತ ಬಲಕ್ಕೆ ಹೋದದ್ದು ಎಷ್ಟು ಸಲ, ಎಡಕ್ಕೆ ಹೋದದ್ದು ಎಷ್ಟು ಸಲ ಎಂದು ಗೀಟು ಹಾಕಿ ಬರೆದಿದ್ದ. ಬಲಕ್ಕೆ ಹತ್ತೊಂಬತ್ತು, ಎಡಕ್ಕೆ ಎರಡು. ಹಾಗೆ ಬರೆಯಬೇಕೆಂದು ನಾನು ಅವನಿಗೆ ಹೇಳಿರಲಿಲ್ಲ.

ತಾಯಿ ಆ ಗೀಟುಗಳನ್ನು ಬೆರಳಿಟ್ಟು ಎಣಿಸಿ ನೋಡಿದರು, ಇದರಿಂದ ಏನಾಗುತ್ತದೆ ಎಂದು ಕೇಳಲಿಲ್ಲ. ಪರೀಕ್ಷೆಯ ದಿನಗಳನ್ನು ಬಿಟ್ಟು ಉಳಿದ ದಿನ ಕಳಿಸುತ್ತೇನೆ, ಕತ್ತಲಾಗುವ ಮೊದಲು ಮನೆಗೆ ಬಿಡಿ ಎಂದರು. ಮುಂದಿನ ಶನಿವಾರ ಅದೇ ತಂಡದೊಡನೆ ಮತ್ತೆ ಪಂದ್ಯವಿದೆ. ಏಳನೇ ನಂಬರಿನವನ ಬಲಗಡೆಗೆ ಯಾರು ನಿಲ್ಲಬೇಕೆಂಬುದನ್ನು ಟೈಮ್ ಔಟಿನಲ್ಲಿ ನೀನೇ ಹೇಳಬೇಕು ಎಂದು ಹುಡುಗನಿಗೆ ತಿಳಿಸಿ, ಸೀಮೆಸುಣ್ಣದ ಒಂದು ತುಂಡನ್ನು ಅವನ ಕೈಗೆ ಕೊಟ್ಟಿದ್ದೇನೆ.